‘ಎದ್ಯಾಗ ಲಾಳಿ ತಪ್ಪಿದಂಗ ಆಕ್ಕೈತ್ರಿ’: ಓದುಗರ ಪ್ರಶ್ನೆ, ಗದಗಿನ ಡಾಕ್ಟರ ಉತ್ತರ

ಹೋದ ಸಂಚಿಕೆಯಲ್ಲಿ ಮಂಡಿನೋವಿನ ಬಗ್ಗೆ ಬರೆಯುತ್ತ, ನಾಡಿ ಅಡ್ಡಾದಿಡ್ಡಿ ಓಡುವ ಕಾಯಿಲೆಗೆ ರಕ್ತ ಹೆಪ್ಪುಗಟ್ಟದ ಗುಳಿಗೆ ನುಂಗುವವರು ಮೆಡಿಕಲ್ ಶಾಪಿನಿಂದ ತಾವೇ ನೋವಿನ ಗುಳಿಗೆ ತಂದು ನುಂಗಬಾರದು, ಹೊಟ್ಟೆಯಲ್ಲಿ ರಕ್ತ ಸೋರುತ್ತದೆ ಎಂದು ಒಂದೇ ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಮಂಡಿನೋವಿಗೂ ಬರಲಿಲ್ಲ. ಹಾಗಾಗಿ ಈ ಸಲದ ಜಾಗವೆಲ್ಲ ನಾಡಿ ಅಡ್ಡಾದಿಡ್ಡಿ ಓಡುವ, ಡಾಕ್ಟರರು ‘ಏಎಫ್’ ಅನ್ನುವ ಆ ಕಾಯಿಲೆಗೇ. ಪತ್ರಗಳ ಭಾಷೆ ತಿದ್ದಬೇಡಿ ಎಂದು ಸಂಪಾದಕರಿಗೆ ಕೇಳಿಕೊಂಡಿದ್ದೇನೆ. ರೋಗಿ ಹೇಳಿದ ಮಾತನ್ನು ತಿದ್ದಿ ಬರೆದರೆ ಅರ್ಧ ರೋಗ ಅಲ್ಲೇ ಕಳೆದುಹೋಗುತ್ತದೆ.

ಪ್ರಶ್ನೆ: ನಮ್ಮ ಓಣ್ಯಾಗ ಅರವತ್ತ ದಾಟಿದ ನಾಕ ಮಂದಿಗೆ ‘ಏಎಫ್’ ಐತಿ ಅಂತ ಹೇಳ್ಯಾರ. ಮೊನ್ನಿ ನಮ್ಮ ಮಾವನೋರಿಗೂ ಹಂಗ ಹೇಳಿದ್ರು. ಇಪ್ಪತ್ತ ವರ್ಷದ ಹಿಂದ ಈ ಹೆಸರ ಯಾರೂ ಕೇಳಿದ್ದಿಲ್ಲ. ಇದೇನ ಹೊಸಾ ರೋಗೇನ್ರಿ? ಇಲ್ಲಾ ಈಗಿನ ಡಾಕ್ಟರಮಂದಿ ಮಷಿನ್ ಇಟಗೊಂಡು ಹುಡುಕಿ ಹುಡುಕಿ ಹೇಳಾಕತ್ತಾರೇನು?
(ಓದುಗರೊಬ್ಬರು, ಮುಂಡರಗಿ ತಾಲೂಕು)

ಉತ್ತರ: ಹೊಸದಲ್ಲ ತಾಯಿ. ನಿಮ್ಮ ಎರಡನೆಯ ಅನುಮಾನದಲ್ಲಿ ಸ್ವಲ್ಪ ಹುರುಳಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಬೆಟಗೇರಿಯ ನೇಕಾರರ ಓಣಿಯವನು. ಮಗ್ಗದ ಸಪ್ಪಳಕ್ಕೆ ಮಲಗಿ, ಸಪ್ಪಳ ನಿಂತರೆ ಎಚ್ಚರಾಗುತ್ತಿದ್ದ ಮನೆ ನಮ್ಮದು. ದವಾಖಾನೆ ತೆರೆದ ಹೊಸತರಲ್ಲಿ, 1983ರ ಸುಮಾರಿಗೆ, ಅದೇ ಓಣಿಯ ಹಿರಿಯ ನೇಕಾರರೊಬ್ಬರು ಬಂದು ಕೂತು, ‘ಡಾಕ್ಟರ, ಎದ್ಯಾಗ ಲಾಳಿ ತಪ್ಪಿದಂಗ ಆಕ್ಕೈತ್ರಿ’ ಅಂದರು. ಕೈ ಹಿಡಿದೆ. ಎರಡು ಬಡಿತ ಬೆನ್ನು ಬೆನ್ನಿಗೆ. ಆಮೇಲೆ ಏನೂ ಇಲ್ಲ. ಒಂದು ಸಣ್ಣದು, ಒಂದು ದೊಡ್ಡದು, ಮತ್ತೆ ಮೂರು ಗಡಿಬಿಡಿಯವು. ತಪ್ಪುವುದಕ್ಕೂ ಒಂದು ಲೆಕ್ಕ ಇರುತ್ತದಲ್ಲ, ನಾಲ್ಕಕ್ಕೊಮ್ಮೆ ತಪ್ಪಿತು, ಎಂಟಕ್ಕೊಮ್ಮೆ ತಪ್ಪಿತು ಅಂತ, ಅದೂ ಇರಲಿಲ್ಲ. ಇಸಿಜಿ ಮಷಿನ್ ನನ್ನ ಹತ್ತಿರ ಎಲ್ಲಿಂದ ಬರಬೇಕು? ಚೀಟಿ ಬರೆದು ಹುಬ್ಬಳ್ಳಿ ಕೆಎಂಸಿಗೆ ಕಳಿಸಿದೆ (ಈಗ ನೀವು ಕಿಮ್ಸ್ ಅನ್ನುವುದು ಅದನ್ನೇ). ಇಸಿಜಿ ಪಟ್ಟಿ ಹಿಡಿದುಕೊಂಡು ಬಂದರು: ಏಟ್ರಿಯಲ್ ಫಿಬ್ರಿಲೇಶನ್, ನೀವು ಬರೆದಿರುವ ಏಎಫ್. ಹಾಲೆಂಡಿನ ಐಂಥೋವನ್ ಎಂಬಾತ ಇಂಥದೇ ಪಟ್ಟಿಯನ್ನು 1906ರಲ್ಲೇ ಅಚ್ಚು ಹಾಕಿಸಿದ್ದ. ಕಾಯಿಲೆಗೆ ನೇಕಾರರು ಕೊಟ್ಟ ಹೆಸರು ನನಗೆ ಈಗಲೂ ಹೆಚ್ಚು ಸರಿ ಅನ್ನಿಸುತ್ತದೆ. ಹೃದಯದ ಮೇಲಿನ ಎರಡು ಕೋಣೆಗಳು ಲಯ ಹಿಡಿದು ಒತ್ತುವುದನ್ನು ಬಿಟ್ಟು ನಿಮಿಷಕ್ಕೆ 350ರಿಂದ 600 ಸಲ ಬರೇ ನಡುಗುತ್ತವೆ. ಕೆಳಗಿನ ಕೋಣೆಗಳ ಬಾಗಿಲಲ್ಲಿ ಒಂದು ತಡೆ ಇರುವುದರಿಂದ ಅಷ್ಟೂ ಇಳಿದು ಬರುವುದಿಲ್ಲ. ದಾಟಿದಷ್ಟು, ದಾಟಿದಾಗ ಬರುತ್ತವೆ. ಕೈಗೆ ಸಿಗುವ ನಾಡಿ ಅದೇ.

ಹಾಗಾದರೆ ಈಗ ಇಷ್ಟು ಮಂದಿಗೆ ಯಾಕೆ? ನಮ್ಮಜ್ಜ ಐವತ್ತೆರಡಕ್ಕೇ ಹೋದ. ಏಎಫ್ ಬರಲಿಕ್ಕೆ ಅವನ ಹೃದಯಕ್ಕೆ ಪುರಸೊತ್ತೇ ಸಿಗಲಿಲ್ಲ. ಈ ಕಾಯಿಲೆ ವಯಸ್ಸಿನ ಬೆನ್ನು ಹತ್ತಿ ಬರುವಂಥದ್ದು. 2001ರಲ್ಲಿ ಅಮೆರಿಕದಲ್ಲಿ ತೆಗೆದ ಲೆಕ್ಕದಲ್ಲಿ 55ರ ಒಳಗಿನವರಲ್ಲಿ ಸಾವಿರಕ್ಕೆ ಒಬ್ಬರಿಗಿತ್ತು, 80 ದಾಟಿದವರಲ್ಲಿ ನೂರಕ್ಕೆ ಒಂಬತ್ತು ಮಂದಿಗೆ. ಅಲ್ಲಿಯದೇ ಫ್ರೇಮಿಂಗ್‌ಹ್ಯಾಮ್ ಊರಿನವರನ್ನು ತಲೆಮಾರುಗಟ್ಟಲೆ ಗಮನಿಸಿದ ವೈದ್ಯರು, 40 ದಾಟಿದ ನಾಲ್ವರಲ್ಲಿ ಒಬ್ಬರಿಗೆ ಮುಂದೆ ಎಂದಾದರೂ ಇದು ಬರುತ್ತದೆ ಎಂದರು. ಜಗತ್ತಿನಲ್ಲಿ ಏಎಫ್ ಇರುವವರು 2010ರಲ್ಲಿ ಸುಮಾರು 3.35 ಕೋಟಿ ಎಂದು ಅಂದಾಜಿಸಿದ್ದರು. 2019ರ ಅಂದಾಜು ಆರು ಕೋಟಿಯ ಹತ್ತಿರ. ಮುಂಡರಗಿಗೆ ಅಮೆರಿಕದ ಲೆಕ್ಕವನ್ನು ಹಾಗೇ ಹಚ್ಚಬಾರದು, ಸರಿ. ಗುಜರಾತಿನ ಆಣಂದ ಕಡೆಯ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಮೊಬೈಲಿಗೆ ಜೋಡಿಸುವ ಸಣ್ಣ ಇಸಿಜಿ ಹಿಡಿದಾಗ ಸಿಕ್ಕಿದ್ದು ಶೇ. 1.6. ಕಡಿಮೆ ಅನ್ನಿಸುತ್ತದೆ. ಆದರೆ 2011ರ ಜನಗಣತಿಯಲ್ಲೇ ನಮ್ಮ ದೇಶದಲ್ಲಿ 60 ದಾಟಿದವರು ಹತ್ತು ಕೋಟಿ ಮೀರಿದ್ದರು, 2050ರ ಹೊತ್ತಿಗೆ ಐವರಲ್ಲಿ ಒಬ್ಬರು ಅರವತ್ತು ದಾಟಿದವರೇ ಇರುತ್ತಾರೆ ಅನ್ನುತ್ತಾರೆ. ಗುಣಾಕಾರ ನೀವೇ ಮಾಡಿ.

ವಯಸ್ಸೊಂದರ ಮೇಲೇ ಹಾಕಿ ಕೈ ತೊಳೆಯುವ ಹಾಗೂ ಇಲ್ಲ. ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು, ಕುಡಿತ, ಜೋರು ಗೊರಕೆಯಲ್ಲಿ ಉಸಿರು ಕಟ್ಟುವುದು, ಥೈರಾಯ್ಡ್ ಹೆಚ್ಚಾಗುವುದು, ಎಲ್ಲವೂ ಮೇಲಿನ ಕೋಣೆಯನ್ನು ಹಿಗ್ಗಿಸಿಯೋ ಕೆರಳಿಸಿಯೋ ದಾರಿ ಮಾಡಿಕೊಡುತ್ತವೆ. ಅದರಲ್ಲೂ ಬಿಪಿ. ನಮ್ಮ ಕಡೆ ತಲೆ ತಿರುಗಿದ ದಿನ ಮಾತ್ರ ಬಿಪಿ ಗುಳಿಗೆ ನುಂಗುವ ಪದ್ಧತಿಯೊಂದಿದೆ. ಅದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ನನಗೆ ಗೊತ್ತಿಲ್ಲ. ಇನ್ನೊಂದು ಸಂಗತಿ: ಹಾರ್ಟ್ ಅಟ್ಯಾಕ್ ಆದವರು ಮೊದಲು ದಾರಿಯಲ್ಲೇ ತೀರಿಕೊಳ್ಳುತ್ತಿದ್ದರು. ಈಗ ಬದುಕಿ ಹತ್ತಿಪ್ಪತ್ತು ವರ್ಷ ಓಡಾಡುತ್ತಾರೆ, ಪೆಟ್ಟು ತಿಂದ ಹೃದಯದೊಂದಿಗೆ. ಅವರಲ್ಲೂ ಇದು ಕಾಣಿಸಿಕೊಳ್ಳುತ್ತದೆ.

ಈಗ ನಿಮ್ಮ ಎರಡನೆಯ ಅನುಮಾನ. ಹೌದು, ಹುಡುಕುತ್ತಿದ್ದೇವೆ. ಹುಡುಕಲೇಬೇಕು. ಎಷ್ಟೋ ಮಂದಿಗೆ ಎದೆ ಧಡಧಡ ಅನ್ನುವುದಿಲ್ಲ. ಮೆಟ್ಟಿಲೇರಿದರೆ ಸುಸ್ತು, ಅಷ್ಟೇ. ‘ವಯಸ್ಸಾತಲ್ಲ’ ಅಂದುಕೊಂಡು ಸುಮ್ಮನಿರುತ್ತಾರೆ. ಮನೆಯಲ್ಲಿ ಅರವತ್ತೈದು ದಾಟಿದವರಿದ್ದರೆ ತಿಂಗಳಿಗೊಮ್ಮೆ ಅವರ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ, ನಿಮ್ಮ ಮೂರು ಬೆರಳು ಇಟ್ಟು ಒಂದು ಪೂರ್ತಿ ನಿಮಿಷ ಸುಮ್ಮನೆ ಕೂಡಿರಿ. ಎಣಿಕೆಗಿಂತ ಲಯದ ಕಡೆ ಲಕ್ಷ್ಯವಿರಲಿ. ಬೀಸುವ ಕಲ್ಲಿನ ಹಾಗೆ ಒಂದೇ ಸಮ ಇದ್ದರೆ ಸರಿ. ಅಲ್ಲೊಂದು ಇಲ್ಲೊಂದು ತಪ್ಪಿದರೆ ಗಾಬರಿ ಬೇಡ. ನಿಮಿಷವಿಡೀ ಹೇಗೆ ಹೇಗೋ ಓಡಿದರೆ ಇಸಿಜಿ ಮಾಡಿಸಿ. ಮನೆಯಲ್ಲಿ ಬಿಪಿ ಮಷಿನ್ ಇದ್ದವರು ಗಮನಿಸಿ: ಎಷ್ಟೋ ಮಷಿನ್‌ಗಳಲ್ಲಿ ಬಡಿತ ಅಸ್ತವ್ಯಸ್ತ ಇದ್ದರೆ ಒಂದು ಸಣ್ಣ ಹೃದಯದ ಗುರುತು ಮಿಣುಕುತ್ತದೆ. ಅದನ್ನು ಬ್ಯಾಟರಿ ಮುಗಿದ ಗುರುತು ಎಂದು ಸೆಲ್ಲು ಬದಲಿಸುತ್ತ ಕೂತವರೊಬ್ಬರನ್ನು ನಾನು ಬಲ್ಲೆ.

ಪ್ರಶ್ನೆ: ನನಗ 69. ಬಿಪಿ, ಸಕ್ರಿ ಎರಡೂ ಅದಾವ, ಏಎಫೂ ಐತಿ. ನಮ್ಮೂರ ಡಾಕ್ಟರು ಆಸ್ಪಿರಿನ್ ಕೊಟ್ಟಾರ. ಎಂಟ ವರ್ಷ ಆತು, ಏನೂ ಆಗಿಲ್ಲ. ಮಗಾ ಹುಬ್ಬಳ್ಳ್ಯಾಗ ತೋರಿಸಿದ್ದಕ್ಕ ಅಲ್ಲಿ ಬ್ಯಾರೆ ಗುಳಿಗಿ ಬರದಾರ, ರೊಕ್ಕಾ ಭಾಳ. ಆಸ್ಪಿರಿನ್ ಸಾಲಂಗಿಲ್ಲೇನು?
(ಓದುಗರೊಬ್ಬರು, ಅಣ್ಣಿಗೇರಿ)

ಉತ್ತರ: ಸಾಲುವುದಿಲ್ಲ. ನಿಮ್ಮ ಪತ್ರದ ಕೊನೆಯಲ್ಲಿ ಊರಿನ ಹೆಸರು ನೋಡಿ ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟೆ. ಯಾಕೆಂದು ಹೇಳುತ್ತೇನೆ.

1996ರಲ್ಲಿ ನನ್ನ ಹತ್ತಿರ ಒಬ್ಬ ಬಸ್ ಕಂಡಕ್ಟರ್ ಬರುತ್ತಿದ್ದರು. ಗದಗ-ಹುಬ್ಬಳ್ಳಿ ಗಾಡಿ. ರಸ್ತೆಯ ನಿಲ್ದಾಣಗಳನ್ನು ಒಂದೇ ಉಸಿರಿನಲ್ಲಿ, ಬಿಂಕದಕಟ್ಟಿ, ಹುಲಕೋಟಿ, ಅಣ್ಣಿಗೇರಿ, ನಲವಡಿ, ಶಿರಗುಪ್ಪಿ ಎಂದು ಹಾಡಿದ ಹಾಗೆ ಕೂಗುವವರು. ನಾಡಿ ಅಡ್ಡಾದಿಡ್ಡಿ, ಬಿಪಿಯೂ ಇತ್ತು. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ವಾರ್ಫರಿನ್ ಗುಳಿಗೆ ಕೊಡಬೇಕಿತ್ತು. ಅದಕ್ಕೆ ತಿಂಗಳು ತಿಂಗಳು ರಕ್ತ ಪರೀಕ್ಷೆ, ಪರೀಕ್ಷೆಗೆ ಹುಬ್ಬಳ್ಳಿ, ಮೇಲೆ ರಕ್ತಸ್ರಾವದ ಭಯ. ಭಯ ಅವರಿಗಲ್ಲ, ನನಗೆ. ಆಸ್ಪಿರಿನ್ ಬರೆದುಕೊಟ್ಟೆ. ‘ಏನೂ ಆಗಂಗಿಲ್ಲ ಹೋಗ್ರಿ’ ಅಂದೆ. ಎರಡು ವರ್ಷ ಏನೂ ಆಗಲಿಲ್ಲ. ಮೂರನೆಯ ವರ್ಷ ಯುಗಾದಿಯ ಮುಂದೆ ಲಕ್ವ ಹೊಡೆಯಿತು, ಬಲಗೈ ಬಲಗಾಲು ಹೋದವು, ಮಾತೂ ಹೋಯಿತು. ಒಂದು ಶಬ್ದ ಉಳಿಯಿತು: ‘ಅಣ್ಣಿಗೇರಿ’. ಹಸಿವಾದರೂ ಅಣ್ಣಿಗೇರಿ, ಸಿಟ್ಟು ಬಂದರೂ ಅಣ್ಣಿಗೇರಿ. ಮೊಮ್ಮಗಳನ್ನು ಕರೆಯುವಾಗ ಅದನ್ನೇ ಮೆತ್ತಗೆ ಅನ್ನುತ್ತಿದ್ದರು, ಆ ಕೂಸು ಓಡಿ ಬರುತ್ತಿತ್ತು. ಮೆದುಳಿನ ಎಡಗಡೆಗೆ ಪೆಟ್ಟಾದಾಗ ಹೀಗೆ ಒಂದೇ ಶಬ್ದ ಉಳಿಯುವುದುಂಟು. ಒಂಬತ್ತು ವರ್ಷ ಹಾಗೇ ಬದುಕಿದರು. ನನ್ನನ್ನು ಕಂಡಾಗಲೂ ಅದೇ ಮಾತು. ಅದರಲ್ಲಿ ಬೈಗುಳ ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.

ನಡೆದದ್ದೇನೆಂದರೆ, ಎಡಗಡೆಯ ಮೇಲಿನ ಕೋಣೆಗೆ ಅಂಗಿಯ ಕಿಸೆಯ ಹಾಗೆ ಒಂದು ಸಣ್ಣ ಚೀಲವಿದೆ. ಕೋಣೆ ಒತ್ತದೆ ಬರೇ ನಡುಗಿದರೆ ಆ ಚೀಲದೊಳಗಿನ ರಕ್ತ ಕದಲುವುದಿಲ್ಲ. ಭೀಷ್ಮ ಕೆರೆಯ ಮೂಲೆಯಲ್ಲಿ ನಿಂತ ನೀರು ಪಾಚಿಗಟ್ಟುವುದನ್ನು ನೋಡಿದ್ದೀರಲ್ಲ, ಇಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕವಾಟ ಚೆನ್ನಾಗಿರುವ ಏಎಫ್‌ನಲ್ಲಿ ಮೇಲಿನ ಕೋಣೆಯ ಹೆಪ್ಪು ಹತ್ತಕ್ಕೆ ಒಂಬತ್ತು ಪಾಲು ಸಿಗುವುದು ಆ ಚೀಲದಲ್ಲೇ. ಒಂದು ದಿನ ಅದು ಕಳಚಿ ಮೆದುಳಿಗೆ ಹೋಗುತ್ತದೆ. ಏಎಫ್ ಇದ್ದವರಿಗೆ ಲಕ್ವದ ಸಂಭವ ಇಲ್ಲದವರಿಗಿಂತ ಸುಮಾರು ಐದು ಪಟ್ಟು. ವಾರ್ಫರಿನ್ ಸರಿಯಾಗಿ ನುಂಗಿದರೆ ಆ ಸಂಭವದಲ್ಲಿ ಮೂರರಲ್ಲಿ ಎರಡು ಪಾಲು ಇಳಿಯುತ್ತದೆ. ಆಸ್ಪಿರಿನ್ ಇಳಿಸುವುದು ಹೆಚ್ಚೆಂದರೆ ಐದರಲ್ಲಿ ಒಂದು ಪಾಲು, ಮುದುಕರಲ್ಲಿ ಅದೂ ಅನುಮಾನ. ಹಾಗಂತ ರಕ್ತ ಸೋರುವ ಅಪಾಯ ಆಸ್ಪಿರಿನ್‌ಗೆ ಇಲ್ಲವೇ? ಅದೂ ಇದೆ. ಹೊಟ್ಟೆಹುಣ್ಣಾಗಿ ಕರಿ ಮಲ ಹೋದವರನ್ನು ಬೇಕಾದಷ್ಟು ನೋಡಿದ್ದೇನೆ.

‘ಎಂಟು ವರ್ಷ ಏನೂ ಆಗಿಲ್ಲ’ ಅನ್ನುವುದು ಹೆಲ್ಮೆಟ್ ಇಲ್ಲದೆ ಎಂಟು ವರ್ಷ ಹುಬ್ಬಳ್ಳಿ ರಸ್ತೆಯಲ್ಲಿ ಓಡಾಡಿದವರ ಮಾತು. ನಿಮ್ಮ ವಯಸ್ಸು 65 ದಾಟಿದೆ, ಬಿಪಿ ಇದೆ, ಸಕ್ಕರೆ ಇದೆ. ಲಕ್ವದ ಅಪಾಯ ಎಷ್ಟೆಂದು ಡಾಕ್ಟರರು ಅಂಕ ಹಾಕಿ ನೋಡುವ ಪಟ್ಟಿಯಲ್ಲಿ ಮೂರು ಅಂಕ ಆಗಲೇ ಆದವು. 75 ತುಂಬಿದರೆ ಇನ್ನೊಂದು. ಹುಬ್ಬಳ್ಳಿಯವರು ಬರೆದದ್ದು ಸರಿ ಇದೆ. ಡಾಬಿಗಾಟ್ರಾನ್, ರಿವರೊಕ್ಸಬಾನ್, ಎಪಿಕ್ಸಬಾನ್ ಎಂಬ ಈ ಹೊಸ ಗುಳಿಗೆಗಳಿಗೆ ತಿಂಗಳ ರಕ್ತ ಪರೀಕ್ಷೆ ಬೇಕಿಲ್ಲ, ಮೂತ್ರಪಿಂಡದ ಪರೀಕ್ಷೆ ಆಗಾಗ ಮಾಡಿಸಿದರೆ ಆಯಿತು. ಪೇಟೆಂಟ್ ಮುಗಿದ ಮೇಲೆ ಬಹಳ ಕಂಪನಿಗಳು ತಯಾರಿಸತೊಡಗಿ ಬೆಲೆ ಇಳಿದಿದೆ. ‘ಇದೇ ಔಷಧ, ಕಡಿಮೆ ಬೆಲೆಯ ಕಂಪನಿಯದು ಬರೆದುಕೊಡಿ’ ಎಂದು ಡಾಕ್ಟರರನ್ನು ಕೇಳಲಿಕ್ಕೆ ನಾಚಬೇಡಿ. ಅವರನ್ನು ಕೇಳದೆ ಹಳೆಯದನ್ನೂ ಹೊಸದನ್ನೂ ಕೂಡಿಸಿ ನುಂಗಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿದ್ದರೆ ಆಸ್ಪಿರಿನ್ ಅನ್ನು ತಾವಾಗಿಯೇ ನಿಲ್ಲಿಸುವುದೂ ಬೇಡ.

ಪ್ರಶ್ನೆ: ನಮ್ಮವ್ವಗ ವಾರ್ಫರಿನ್ ಚಾಲೂ ಮಾಡ್ಯಾರ. ತಪ್ಪಲ ಪಲ್ಯ ಮುಟ್ಟಬ್ಯಾಡ್ರಿ ಅಂತ ಆಸ್ಪತ್ರ್ಯಾಗ ಒಬ್ಬರು ಹೇಳಿದ್ರು. ಹಕ್ಕರಕಿ, ಮೆಂತೆ, ರಾಜಗಿರಿ, ಪುಂಡಿಪಲ್ಯ ಎಲ್ಲಾ ಬಿಟ್ಟರ ಅಕಿಗೆ ರೊಟ್ಟಿ ಹೆಂಗ ಇಳೀಬೇಕ್ರಿ? ಮ್ಯಾಲೆ, ಇದು ಇಲಿಪಾಷಾಣ ಅಂತ ಮೊಬೈಲ್ನ್ಯಾಗ ಬಂದೈತಿ.
(ಓದುಗರೊಬ್ಬರು, ರೋಣ)

ಉತ್ತರ: ನಿಮ್ಮವ್ವನ ಗಂಗಾಳದಿಂದ ಹಕ್ಕರಕಿ ಕಸಿದುಕೊಳ್ಳುವ ಧೈರ್ಯ ನನಗಂತೂ ಇಲ್ಲ, ಕಸಿಯುವ ಅಗತ್ಯವೂ ಇಲ್ಲ. ವಾರ್ಫರಿನ್ ಕೆಲಸ ಮಾಡುವುದು ವಿಟಮಿನ್ ಕೆ ಎಂಬ ಜೀವಸತ್ವಕ್ಕೆ ಅಡ್ಡ ಬಂದು. ಆ ಜೀವಸತ್ವ ಹಸಿರು ತಪ್ಪಲದಲ್ಲಿ ಹೆಚ್ಚು. ಇವತ್ತು ಮಣಗಟ್ಟಲೆ ತಿಂದು ಮುಂದಿನ ವಾರ ಪೂರಾ ಬಿಟ್ಟರೆ ಗುಳಿಗೆಯ ಲೆಕ್ಕ ತಪ್ಪುತ್ತದೆ. ವಾರ ವಾರ ಹೆಚ್ಚುಕಡಿಮೆ ಅಷ್ಟೇ ತಿಂದರೆ ಡಾಕ್ಟರರು ಆ ಊಟಕ್ಕೆ ತಕ್ಕಂತೆ ಗುಳಿಗೆ ಹೊಂದಿಸುತ್ತಾರೆ. ರಕ್ತ ಪರೀಕ್ಷೆಯಲ್ಲಿ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಐಎನ್‌ಆರ್ ಎಂಬ ಅಂಕಿ 2 ಮತ್ತು 3ರ ನಡುವೆ ನಿಂತರೆ ಸಾಕು. ತೊಂದರೆ ಆಗುವುದು ಎಳ್ಳ ಅಮಾಸಿಯ ಸುತ್ತಮುತ್ತ. ಚರಗ ಚೆಲ್ಲಲು ಹೊಲಕ್ಕೆ ಹೋದವರು ಅಲ್ಲೇ ಕಿತ್ತ ತಪ್ಪಲವನ್ನು ಎರಡು ದಿನ ಮೂರು ಹೊತ್ತು ತಿಂದು ಬರುತ್ತಾರೆ, ಆ ವಾರದ ಐಎನ್‌ಆರ್ ನೆಲಕ್ಕಿಳಿದಿರುತ್ತದೆ. ಆಮೇಲೆ ಆಶ್ಚರ್ಯ. ಯಾವುದೇ ಹೊಸ ಔಷಧ, ಆಂಟಿಬಯಾಟಿಕ್ ಇರಲಿ, ಊರ ಮೇಲೆ ಬಂದವರ ಚೂರ್ಣ ಇರಲಿ, ಶುರು ಮಾಡುವ ಮೊದಲು ಹೇಳಬೇಕು.

ಮೊಬೈಲಿನಲ್ಲಿ ಬಂದದ್ದು ಸುಳ್ಳಲ್ಲ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಸು ಹತ್ತಿದ ಮೇವು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ಸೋರಿ ಸಾಯುತ್ತಿದ್ದವು. ಆ ಮೇವಿನಲ್ಲಿದ್ದದ್ದೇನೆಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹುಡುಕಿದಾಗ ಸಿಕ್ಕ ವಸ್ತುವಿನ ತಮ್ಮನೇ ವಾರ್ಫರಿನ್. 1948ರಲ್ಲಿ ಇಲಿ ಕೊಲ್ಲಲು ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರಿಗೆ ಔಷಧವಾಯಿತು. ಮರುವರ್ಷ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹಾರ್ಟ್ ಅಟ್ಯಾಕ್ ಆದಾಗ ಅವರಿಗೂ ಇದನ್ನೇ ಕೊಟ್ಟರು. ಎಲ್ಲ ಪ್ರಮಾಣದ ಮಾತು. ಉಪ್ಪೂ ಹಾಗೇ.

ಪ್ರಶ್ನೆ: ರಿವರೊಕ್ಸಬಾನ್ ದಿನಾ ರಾತ್ರಿ ನುಂಗತೇನಿ. ಶ್ರಾವಣ ಸೋಮವಾರ ಒಪ್ಪತ್ತ ಇರತೇನಿ. ಅವತ್ತ ಬಿಡಬಹುದೇನು?
(ಓದುಗರೊಬ್ಬರು, ಧಾರವಾಡ)

ಉತ್ತರ: ಬಿಡಬಾರದು. ಈ ಗುಳಿಗೆಯ ಪರಿಣಾಮ ಒಂದು ದಿನದ ಮೇಲೆ ಉಳಿಯುವುದಿಲ್ಲ. ಹೊಟ್ಟೆ ತುಂಬ ಊಟದ ಜೊತೆ ನುಂಗಿದರೇ ಮೈಗೆ ಸರಿಯಾಗಿ ಹತ್ತುತ್ತದೆ, ಖಾಲಿ ಹೊಟ್ಟೆಗೆ ಅರೆಬರೆ. ಸೋಮವಾರದ ಒಪ್ಪತ್ತಿನ ಊಟವನ್ನು ಸಂಜೆಗೆ ಇಟ್ಟುಕೊಂಡು ಅದರ ಜೊತೆಗೇ ನುಂಗಿ. ಶಿವನಿಗೇನೂ ಬೇಸರವಾಗುವುದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿರುವ ಮಗ ಕೈಗೆ ಸ್ಮಾರ್ಟ್ ವಾಚ್ ಕಟ್ಟಿದ್ದಾನೆ. ವಾರಕ್ಕೆರಡು ಸಲ ‘ಲಯ ಅನುಮಾನ’ ಎಂದು ತೋರಿಸುತ್ತದೆ. ನನಗೆ 71. ನಂಬಲೇ?
(ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ನಂಬಿ ಗುಳಿಗೆ ಶುರು ಮಾಡಬೇಡಿ, ನಂಬದೆ ಡ್ರಾಯರಿನಲ್ಲೂ ಇಡಬೇಡಿ. 71ರಲ್ಲಿ ಅದು ಹೇಳುವುದು ನಿಜವಿರುವ ಸಂಭವ ಇದೆ. ಇಪ್ಪತ್ತೈದರ ಹುಡುಗನ ಕೈಯಲ್ಲಾದರೆ ಬಹುಪಾಲು ಹುಸಿ. ವಾಚಿನಲ್ಲೇ ಇಸಿಜಿ ಇದ್ದರೆ ಅನುಮಾನ ಬಂದಾಗ ಕೂತು ಮೂವತ್ತು ಸೆಕೆಂಡಿನ ಪಟ್ಟಿ ತೆಗೆದು ಡಾಕ್ಟರರಿಗೆ ತೋರಿಸಿ. ಇಲ್ಲದಿದ್ದರೆ ಒಂದೆರಡು ದಿನ ಎದೆಗೆ ಹಚ್ಚಿಕೊಂಡೇ ಓಡಾಡುವ ಹೋಲ್ಟರ್ ಎಂಬ ಯಂತ್ರವಿದೆ. ಬಂದು ಬಂದು ಹೋಗುವ ಏಎಫ್ ಆಸ್ಪತ್ರೆಯ ಹತ್ತು ಸೆಕೆಂಡಿನ ಪಟ್ಟಿಗೆ ಸಿಗದೆ ತಪ್ಪಿಸಿಕೊಳ್ಳುವುದು ಮಾಮೂಲು.

ಪ್ರಶ್ನೆ: ಎಲ್ಲರೂ ಮುಪ್ಪಿನ ರೋಗ ಅಂತಾರೆ. ನನಗೆ 34, ಸಣ್ಣಾಕಿದ್ದಾಗ ಕೀಲು ಬಾತು ಜ್ವರ ಬಂದಿತ್ತಂತೆ. ಈಗ ಕವಾಟ ಸಣ್ಣದಾಗೈತಿ, ಏಎಫೂ ಐತಿ ಅಂದಾರೆ. ಹೊಸ ಗುಳಿಗಿ ಕೊಡದೆ ಹಳೇ ವಾರ್ಫರಿನ್ ಯಾಕೆ ಕೊಟ್ಟರು?
(ಓದುಗರೊಬ್ಬರು, ಹಾನಗಲ್ಲ)

ಉತ್ತರ: ನಿಮ್ಮ ಪತ್ರ ಬರದಿದ್ದರೆ ಈ ಸಂಚಿಕೆ ಅರ್ಧವೇ ಆಗುತ್ತಿತ್ತು. ಮುಪ್ಪಿನ ಏಎಫ್ ಹೆಚ್ಚುತ್ತಿದೆ ನಿಜ, ಆದರೆ ನಮ್ಮಲ್ಲಿ ಇನ್ನೊಂದು ಹಳೆಯ ಏಎಫ್ ಇನ್ನೂ ಹೋಗಿಲ್ಲ. ನಮ್ಮ ದೇಶದ ತಜ್ಞರು ಒಂದೂವರೆ ಸಾವಿರ ರೋಗಿಗಳ ವಿವರ ಕೂಡಿಸಿ ನೋಡಿದಾಗ ಅವರ ಸರಾಸರಿ ವಯಸ್ಸು 55ರ ಆಸುಪಾಸು ಇತ್ತು, ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ನಿಮ್ಮ ಹಾಗೆ ಸಂಧಿವಾತದ ಜ್ವರದಿಂದ ಕೆಟ್ಟ ಕವಾಟ. ಆ ಜ್ವರಕ್ಕೆ ದಾರಿ ಮಾಡಿಕೊಡುವ ಬಾಲ್ಯದ ಗಂಟಲುನೋವಿಗೆ ಸರಿಯಾಗಿ ಪೆನಿಸಿಲಿನ್ ಬಿದ್ದಿದ್ದರೆ ಎಷ್ಟೋ ಕವಾಟಗಳು ಉಳಿಯುತ್ತಿದ್ದವು.

ಕವಾಟ ಕಿರಿದಾಗಿ ಏಎಫ್ ಬಂದರೆ ಲಕ್ವದ ಸಂಭವ ಐದು ಪಟ್ಟಲ್ಲ, ಹದಿನೇಳು ಪಟ್ಟು ಎಂದು ಹಳೆಯ ಲೆಕ್ಕ. ಹೊಸ ಗುಳಿಗೆ ಇದಕ್ಕೂ ಆಗಬಹುದೇ ಎಂದು ಭಾರತವೂ ಸೇರಿ ಹಲವು ದೇಶಗಳ ನಾಲ್ಕೂವರೆ ಸಾವಿರ ರೋಗಿಗಳಲ್ಲಿ ಪರೀಕ್ಷಿಸಿದರು, 2022ರಲ್ಲಿ ಫಲಿತಾಂಶ ಬಂತು. ಗೆದ್ದದ್ದು ಹಳೆಯ ಜಾತಿಯ ಗುಳಿಗೆಯೇ, ಅದನ್ನು ನುಂಗಿದವರಲ್ಲಿ ಸಾವು ಕಡಿಮೆ. ನಿಮ್ಮ ಡಾಕ್ಟರರು ಲೋಭ ಮಾಡಿಲ್ಲ, ಓದಿಕೊಂಡಿದ್ದಾರೆ. ಒಂದು ಮಾತು ಮಾತ್ರ ಮರೆಯಬೇಡಿ: ವಾರ್ಫರಿನ್ ಬಸುರಿನಲ್ಲಿ ಕೂಸಿಗೆ ತೊಂದರೆ ಮಾಡುತ್ತದೆ. ಮಗು ಬೇಕೆಂದಿದ್ದರೆ ಮೊದಲೇ ಹೇಳಿ, ತಿಂಗಳು ತಪ್ಪಿದ ದಿನವೇ ಹೋಗಿ. ಗುಳಿಗೆಯನ್ನು ತಾವೇ ನಿಲ್ಲಿಸಿ ಕೂರುವುದು ಅದಕ್ಕಿಂತ ಕೆಟ್ಟದ್ದು.

ಪ್ರಶ್ನೆ: ತಾಯಿಗೆ 84. ಏಎಫ್ ಇದೆ, ರಕ್ತ ತೆಳುವಾಗುವ ಗುಳಿಗೆ ಇದೆ. ಎರಡು ತಿಂಗಳಲ್ಲಿ ಎರಡು ಸಲ ಬಿದ್ದರು. ಬಿದ್ದಾಗ ತಲೆಯಲ್ಲಿ ರಕ್ತ ಸೋರಿದರೆ ಎಂಬ ಹೆದರಿಕೆಗೆ ಅಣ್ಣ ಗುಳಿಗೆ ನಿಲ್ಲಿಸಿದ್ದಾನೆ. ಸರಿಯೇ?
(ಓದುಗರೊಬ್ಬರು, ಗದಗ)

ಉತ್ತರ: ನಿಮ್ಮ ಅಣ್ಣನ ಹೆದರಿಕೆ ನನಗೆ ಅರ್ಥವಾಗುತ್ತದೆ, 1996ರಲ್ಲಿ ನನ್ನದೂ ಅದೇ ಆಗಿತ್ತು. ಕೆನಡಾದ ವೈದ್ಯರು 1999ರಲ್ಲಿ ಒಂದು ಲೆಕ್ಕ ಕಟ್ಟಿದರು: ಏಎಫ್ ಇರುವ ಮುದುಕರು ವರ್ಷಕ್ಕೆ ಎಷ್ಟು ಸಲ ಬಿದ್ದರೆ ವಾರ್ಫರಿನ್‌ನ ಲಾಭಕ್ಕಿಂತ ತಲೆಯಲ್ಲಿ ರಕ್ತ ಸೋರುವ ನಷ್ಟ ಹೆಚ್ಚಾಗುತ್ತದೆ? ಉತ್ತರ, ಸುಮಾರು 295 ಸಲ. ಲೆಕ್ಕ ಕಾಗದದ ಮೇಲಿನದು, ಒಪ್ಪುತ್ತೇನೆ. ನಿಮ್ಮ ತಾಯಿಯ ಮೂತ್ರಪಿಂಡ, ರಕ್ತದ ಹಿಮೋಗ್ಲೋಬಿನ್, ಹಿಂದೆ ರಕ್ತ ಸೋರಿದ್ದುಂಟೇ ಎಂಬುದನ್ನೆಲ್ಲ ಅವರ ಡಾಕ್ಟರರು ನೋಡಬೇಕು. ಆದರೆ ಎರಡು ಸಲ ಬಿದ್ದರು ಅನ್ನುವುದೊಂದೇ ಕಾರಣಕ್ಕೆ ನಿಲ್ಲಿಸುವುದು ಸರಿಯಲ್ಲ. ನಾಳೆಯೇ ಡಾಕ್ಟರರನ್ನು ಕಂಡು ಮತ್ತೆ ಶುರು ಮಾಡುವ ಮಾತಾಡಿ.

ಗುಳಿಗೆ ನಿಲ್ಲಿಸುವ ಬದಲು ಬೀಳುವುದನ್ನು ನಿಲ್ಲಿಸಿ. ಅವರು ಬಿದ್ದದ್ದೆಲ್ಲಿ ಎಂದು ನೀವು ಬರೆದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ನಾನು ಕಂಡದ್ದು ಮೂರೇ ಜಾಗ: ಬಚ್ಚಲಿನ ಹೊಸ್ತಿಲು, ಹಿತ್ತಲಿನ ಪಾಚಿಗಲ್ಲು, ಮಂಚದಿಂದ ಇಳಿದ ಕೂಡಲೇ ಸಿಗುವ ಕಾಲೊರಸು. ಕಾಲೊರಸು ಇವತ್ತೇ ತೆಗೆಯಿರಿ. ಬಚ್ಚಲಿಗೆ ರಾತ್ರಿಯಿಡೀ ಸಣ್ಣ ದೀಪ ಹಾಕಿ. ಎದ್ದ ಕೂಡಲೇ ಬಿಪಿ ಇಳಿದು ಕಣ್ಣು ಕತ್ತಲಾಗುತ್ತದೋ ನೋಡಿಸಿ, ನಿದ್ದೆ ಗುಳಿಗೆ ಏನಾದರೂ ನುಂಗುತ್ತಿದ್ದಾರೋ ಕೇಳಿ. ಇಷ್ಟಾಗಿಯೂ ಬಿದ್ದು ತಲೆಗೆ ಪೆಟ್ಟಾದರೆ, ‘ಏನೂ ಆಗಿಲ್ಲೋ, ಸುಮ್ಮನಿರು’ ಎಂದು ಅವರು ಗದರಿದರೂ ಕೇಳದೆ, ಗುಳಿಗೆಯ ಚೀಟಿ ಕಿಸೆಯಲ್ಲಿಟ್ಟುಕೊಂಡು ಅದೇ ಹೊತ್ತಿಗೆ ಆಸ್ಪತ್ರೆಗೆ ಹೊರಡಿ.